ರಾಯಚೂರಲ್ಲಿ ಟ್ಯಾಕ್ಸಿಗೆ ಸರ್ಕಾರದ ಗರಿಷ್ಠ ದರ ಎಷ್ಟು? ಯಾರು ಗೊತ್ತುಮಾಡ್ತಾರೆ?

ಕೃಷ್ಣಾತೀರ:
ಸ್ಟೇಷನ್ನಿನಿಂದ ಶಕ್ತಿನಗರದ ಕಡೆ, 18 ಕಿ.ಮೀ. ಅಂದ್ಕೊಳ್ಳಿ. ಒಬ್ಬರು 450 ಅಂತಾರೆ, ಇನ್ನೊಬ್ಬರು 850. ಸರ್ಕಾರದ ದರ ಯಾವುದು? ಬೆಂಗಳೂರಿನದೇ ಇಲ್ಲಿಗೂ ಬರುತ್ತಾ? ಡೀಸೆಲ್ ಏರಿದರೂ ದರ ವರ್ಷಗಟ್ಟಲೆ ಯಾಕೆ ಅಲ್ಲೇ ನಿಂತಿರುತ್ತೆ?

ಪರ್ಮಿಟ್_ಪುಟ:
ಆಟೋ ಬೇರೆ, ಟ್ಯಾಕ್ಸಿ ಬೇರೆ. ಮೊದಲು ಅದನ್ನು ಬಿಡಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆ 1988ರ 67ನೇ ಕಲಂ ದರ ನಿಗದಿಯ ಅಧಿಕಾರ ಕೊಟ್ಟಿರುವುದು ರಾಜ್ಯ ಸರ್ಕಾರಕ್ಕೆ. ಆಟೋ ದರವನ್ನು ಆಯಾ ಜಿಲ್ಲೆಯ ಸಾರಿಗೆ ಪ್ರಾಧಿಕಾರ ಗೊತ್ತುಮಾಡುತ್ತೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಆರ್‌ಟಿಓ ಕಾರ್ಯದರ್ಶಿ. ಹಾಗಾಗಿ 2025ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ಬಂದ 36 ರೂಪಾಯಿ ಕನಿಷ್ಠ ದರ ರಾಯಚೂರು, ಬಳ್ಳಾರಿ ಆಟೋಗಳಿಗೆ ತಾನಾಗಿ ಬರಲ್ಲ.

ಟ್ಯಾಕ್ಸಿಗೆ 2024ರ ಫೆಬ್ರವರಿಯಲ್ಲಿ ಇಡೀ ರಾಜ್ಯಕ್ಕೆ ಒಂದೇ ದರ ಮಾಡಿದರು. ಆ್ಯಪ್ ಗಾಡಿ, ಸಿಟಿ ಟ್ಯಾಕ್ಸಿ ಅನ್ನೋ ಭೇದ ಹೋಯ್ತು, ಗಾಡಿಯ ಬೆಲೆಯೇ ಅಳತೆಗೋಲು. 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100, ಆಮೇಲೆ ಕಿ.ಮೀ.ಗೆ 24. 10ರಿಂದ 15 ಲಕ್ಷಕ್ಕೆ 115 ಮತ್ತು 28. ಅದಕ್ಕೂ ಮೇಲೆ 130 ಮತ್ತು 32. ಕಾಯುವಿಕೆ 5 ನಿಮಿಷ ಉಚಿತ, ನಂತರ ನಿಮಿಷಕ್ಕೆ 1 ರೂಪಾಯಿ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ 10 ಹೆಚ್ಚು. ಟೋಲ್ ನಿಮ್ಮದು, ಆ್ಯಪ್ ಆದರೆ ಶೇ 5 ಜಿಎಸ್‌ಟಿ ಕೂಡ.

ನಿಮ್ಮ 18 ಕಿ.ಮೀ.ಗೆ: 100 + 14×24 = 436. ಮಧ್ಯದ ದರ್ಜೆಗೆ 507, ದೊಡ್ಡ ಗಾಡಿಗೆ 578. 850 ಹೇಳಿದವರು ಹೋಗಿ ಬರೋ 36 ಕಿ.ಮೀ. ಹಿಡಿದಿದ್ದಾರೆ (ಆ ಲೆಕ್ಕಕ್ಕೆ 868).

ಗಿಣಿಗೇರಾ_ಕ್ರಾಸ್:
ಅಲ್ರೀ, ವಾಪಸ್ ಖಾಲಿ ಬಂದ್ರ ಆ ಡೀಸೆಲ್ ಯಾರ್ ಕೊಡ್ಬೇಕು?

ಲೆಕ್ಕದ_ಹಾಳೆ:
ಜಗಳ ಇರೋದೇ ಅಲ್ಲಿ. ದರ ಕಟ್ಟುವ ಪದ್ಧತಿಯಲ್ಲಿ ಒಟ್ಟು ಖರ್ಚನ್ನು ಓಡಿದ ಕಿಲೋಮೀಟರಿಗಲ್ಲ, ಬಾಡಿಗೆ ಸಿಕ್ಕ ಕಿಲೋಮೀಟರಿಗೆ ಭಾಗಿಸಬೇಕು. ತಿಳಿಯಲಿಕ್ಕೆ ಒಂದು ಲೆಕ್ಕ: ಕಂತು, ವಿಮೆ, ಚಾಲಕನ ಕೂಲಿ ದಿನಕ್ಕೆ 1,200, ಓಟದ ಖರ್ಚು ಕಿ.ಮೀ.ಗೆ 8, ಅದರಲ್ಲಿ ಇಂಧನ 6. ಓಟ 100 ಕಿ.ಮೀ. ಒಟ್ಟು 2,000. ಅದರಲ್ಲಿ 80 ಕಿ.ಮೀ. ಬಾಡಿಗೆ ಸಿಕ್ಕರೆ ದರ 25. 60 ಸಿಕ್ಕರೆ 33. ಶಕ್ತಿನಗರ, ತೋರಣಗಲ್ಲಿನಂತೆ ಹೋಗಿ ಖಾಲಿ ಬರೋ ಕಡೆ 50 ಅಷ್ಟೇ, ಆಗ 40. ನಗರದೊಳಗಿನ ಓಟ ನೋಡಿ ಕಟ್ಟಿದ ದರ ನಮ್ಮ ಕಡೆ ಬಿಗಿಯಾಗೋದು ಇದಕ್ಕೇ. ಆದರೆ ಖಾಲಿ ಓಟ ಸೇರಿಸಿ ಕಟ್ಟಿದ ದರದ ಮೇಲೆ ಮತ್ತೆ ಪೂರ್ತಿ ವಾಪಸ್ ದರ ಕೇಳಿದರೆ ಒಂದೇ ಖರ್ಚು ಎರಡು ಸಲ ವಸೂಲಾಗುತ್ತೆ.

ಡೀಸೆಲ್ ಮಾತೂ ಇದೇ ಲೆಕ್ಕದಲ್ಲಿದೆ. ಇಂಧನ ಶೇ 10 ಏರಿದರೆ ದಿನದ ಖರ್ಚು 60 ರೂಪಾಯಿ ಹೆಚ್ಚು, ಅಂದರೆ ಶೇ 3. ದರವೂ ಅಷ್ಟೇ ಏರಬೇಕು. ದರ ಏರಿಸಿ ಅಂತ ಅರ್ಜಿ ಕೊಡುವ ಚಾಲಕರ ಸಂಘಗಳು ಬರೀ ಪಂಪಿನ ದರ ತೋರಿಸುತ್ತವೆ. ಟೈರು, ವಿಮೆ ಕಂತು, ಖಾಲಿ ಓಟದ ದಾಖಲೆ ಇರಲ್ಲ. ಕನಿಷ್ಠ ಒಂದು ತಿಂಗಳ ಟ್ರಿಪ್ ಶೀಟ್ ಜೋಡಿಸಿದರೆ ದರ ಗೊತ್ತುಮಾಡುವ ಸಭೆಯಲ್ಲಿ ಮಾತಾಡಲಿಕ್ಕೆ ಏನಾದರೂ ಇರುತ್ತೆ.

ಪರ್ಮಿಟ್_ಪುಟ:
ಇನ್ನೆರಡು ಮಾತು. ಕೇಂದ್ರದ 2025ರ ಮಾರ್ಗಸೂಚಿ ಆ್ಯಪ್‌ಗಳಿಗೆ ಮೂಲದರದ ಎರಡು ಪಟ್ಟಿನವರೆಗೆ ಬಿಡುತ್ತೆ ನಿಜ, ಆದರೆ ಮೂಲದರ ಗೊತ್ತುಮಾಡುವುದು ರಾಜ್ಯವೇ.

ದರ ಬದಲಾದ ದಿನವೇ ಮೀಟರ್ ಬದಲಾಗಲ್ಲ. ಹೊಸ ದರ ತುಂಬಿಸಿ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು. ಬೆಂಗಳೂರು ಆಟೋಗಳಿಗೆ ಅದಕ್ಕೇ 2025ರ ಅಕ್ಟೋಬರ್ 31ರವರೆಗೆ ಗಡುವು ಕೊಟ್ಟಿದ್ದರು. ಮುದ್ರೆ ಸರಿಯಿದ್ದರೂ ಸವೆದ ಟೈರು ಮೋಸ ಮಾಡುತ್ತೆ: ಚಕ್ರ ಚಿಕ್ಕದಾದರೆ ಅಷ್ಟೇ ದಾರಿಗೆ ಸುತ್ತು ಹೆಚ್ಚು, ಮೀಟರ್ ಮುಂದೆ ಓಡುತ್ತೆ. ಅನುಮಾನ ಬಂದರೆ ಹೆದ್ದಾರಿಯ ಕಿಲೋಮೀಟರ್ ಕಲ್ಲಿಗೆ ಹೋಲಿಸಿ.

ದೂರು ಕೊಡುವುದಾದರೆ ಕೆಎ-36 ಗಾಡಿಗೆ ರಾಯಚೂರು ಆರ್‌ಟಿಓ, ಕೆಎ-37 ಕೊಪ್ಪಳ, ಕೆಎ-34 ಬಳ್ಳಾರಿ. ಗಾಡಿ ನಂಬರು, ಸಮಯ, ಎಲ್ಲಿಂದ ಎಲ್ಲಿಗೆ, ಯುಪಿಐ ರಸೀದಿ. ನಗದು ಕೊಟ್ಟು ರಸೀದಿ ಕೇಳದಿದ್ದರೆ 86ನೇ ಕಲಂ ಪ್ರಕಾರ ಪರ್ಮಿಟ್ ಅಮಾನತಿನ ತನಕ ಒಯ್ಯಲು ಕೈಯಲ್ಲಿ ಏನೂ ಉಳಿಯಲ್ಲ.

ಕೃಷ್ಣಾತೀರ:
436 ಮತ್ತು ಟೋಲ್ ಇದ್ದರೆ ಟೋಲ್. ಇದನ್ನೇ ಹೇಳಿ ಕೇಳ್ತೀನಿ.

ಗಿಣಿಗೇರಾ_ಕ್ರಾಸ್:
ಹತ್ತೋಕಿಂತ ಮುಂಚೇನೇ ಕೇಳ್ರಿ. ಇಳಿದ್ ಮ್ಯಾಲ ಅಲ್ಲ.