ಮನೆಯ ಮೊಸರಿದ್ದರೆ ಪ್ರೋಬಯಾಟಿಕ್ ಕ್ಯಾಪ್ಸೂಲ್ ಬೇಕೇ?

ಅಂಬಲಪಾಡಿಯ ಓದುಗ, ಉಡುಪಿ:

ಎಪ್ಪತ್ತು ದಾಟಿದ ನನ್ನ ತಾಯಿಗೆ ಮೂತ್ರನಾಳದ ಸೋಂಕು ಆದಾಗ ವೈದ್ಯರು ಆ್ಯಂಟಿಬಯಾಟಿಕ್ ಜೊತೆಗೆ ಪ್ರೋಬಯಾಟಿಕ್ ಕ್ಯಾಪ್ಸೂಲ್ ಕೂಡ ಬರೆದುಕೊಟ್ಟಿದ್ದರು. ಸೋಂಕು ವಾಸಿಯಾದ ಮೇಲೂ, ಹೊಟ್ಟೆಗೆ ಒಳ್ಳೆಯದೆಂದು, ಅವರು ಅದನ್ನು ಮೆಡಿಕಲ್ ಅಂಗಡಿಯಿಂದ ತರಿಸಿ ನುಂಗುತ್ತಲೇ ಇದ್ದಾರೆ. ನಮ್ಮ ಮನೆಯಲ್ಲಿ ಮೊಸರು, ಮಜ್ಜಿಗೆ, ತಂಬುಳಿ ಇಲ್ಲದ ಊಟವೇ ಇಲ್ಲ. ಉದ್ದಿನ ದೋಸೆ, ಮೂಡೆಗಳೂ ಆಗಾಗ ಆಗುತ್ತವೆ. ಇವುಗಳಲ್ಲಿರುವ ಬ್ಯಾಕ್ಟೀರಿಯಾ ಸಾಲದೇ? ಕ್ಯಾಪ್ಸೂಲ್ ನಿಲ್ಲಿಸಿದರೆ ತೊಂದರೆಯಾದೀತೇ?

ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ, ಮಂಗಳೂರು:

ಹುದುಗಿದ ಆಹಾರಗಳೆಲ್ಲ ಪ್ರೋಬಯಾಟಿಕ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ತಜ್ಞರು 2001ರಲ್ಲಿ ಒಪ್ಪಿದ ವ್ಯಾಖ್ಯೆಯ ಪ್ರಕಾರ, ಸೂಕ್ಷ್ಮಜೀವಿಗಳು ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿ ದೇಹವನ್ನು ಸೇರಬೇಕು ಮತ್ತು ಅವುಗಳಿಂದ ಆರೋಗ್ಯಕ್ಕೆ ಪ್ರಯೋಜನವಾಗಬೇಕು. ಮೂಡೆಯ ಹಿಟ್ಟನ್ನು ಲ್ಯೂಕೊನಾಸ್ಟಾಕ್‌ನಂತಹ ಬ್ಯಾಕ್ಟೀರಿಯಾಗಳು ಉಬ್ಬಿಸುತ್ತವೆ ಎಂಬುದು ನಿಜವಾದರೂ ಹಬೆಯಲ್ಲಿ ಬೇಯುವಾಗ ಅವು ಸಾಯುತ್ತವೆ. ಕಾವಲಿಯ ಮೇಲಿನ ದೋಸೆಯದೂ ಅದೇ ಕಥೆ. ನೀರುದೋಸೆಯ ಹಿಟ್ಟನ್ನಂತೂ ನಾವು ಹುಳಿ ಬರಿಸುವುದೇ ಇಲ್ಲ.

ಮೊಸರಿನ ಬ್ಯಾಕ್ಟೀರಿಯಾಗಳು ಜೀವಂತವಾಗಿರುತ್ತವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅವು ಭಾಗಶಃ ಒಡೆದಿರುವುದರಿಂದ, ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವವರಿಗೂ ಮೊಸರು ಒಗ್ಗುತ್ತದೆ. ಆದರೆ ಮನೆಯ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆಯೆಂದು ಹೇಳಲಾಗದು, ಅದು ಮನೆಯಿಂದ ಮನೆಗೆ ಬೇರೆಯಾಗುತ್ತದೆ.

ಪ್ರಯೋಜನ ನಿಂತಿರುವುದೇ ತಳಿಯ ಮೇಲೆ. ಆ್ಯಂಟಿಬಯಾಟಿಕ್‌ನಿಂದ ಬರುವ ಭೇದಿಯನ್ನು ತಡೆಯುವುದಕ್ಕೆ ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ ಎಂಬ ಬ್ಯಾಕ್ಟೀರಿಯಾ ಮತ್ತು ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್ ಬಗ್ಗೆ ಸಾಕಷ್ಟು ಅಧ್ಯಯನಗಳಾಗಿವೆ. ಯೀಸ್ಟ್ ಆದ್ದರಿಂದ ಎರಡನೆಯದು ಆ್ಯಂಟಿಬಯಾಟಿಕ್‌ಗೆ ಸಾಯುವುದಿಲ್ಲ. ಒಡಿಶಾದ ಹಳ್ಳಿಗಳಲ್ಲಿ ಸುಮಾರು 4,500 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಅದಕ್ಕೆ ಬೇಕಾದ ಸಕ್ಕರೆಯ ಜೊತೆ ಕೊಟ್ಟಾಗ ಸೋಂಕಿನಿಂದಾಗುವ ನಂಜು (ಸೆಪ್ಸಿಸ್) ಮತ್ತು ಸಾವು ಸೇರಿದ ಪ್ರಮಾಣ ಸುಮಾರು ಶೇಕಡಾ 40ರಷ್ಟು ತಗ್ಗಿತು. ಶಿಶುಗಳಲ್ಲಿ ಕಂಡ ಈ ಫಲವನ್ನು ತೋರಿಸಿ ವಯಸ್ಸಾದವರಿಗೆ ಬೇರೆ ತಳಿಯ ಕ್ಯಾಪ್ಸೂಲ್ ಮಾರುವಂತಿಲ್ಲ. ಡಬ್ಬಿಯ ಮೇಲೆ ಎಷ್ಟು ಕೋಟಿ ಸೂಕ್ಷ್ಮಜೀವಿಗಳಿವೆ ಎಂಬ ಲೆಕ್ಕವಷ್ಟೇ ಇದ್ದು ತಳಿಯ ಹೆಸರೇ ಇಲ್ಲದಿದ್ದರೆ ನಾನಂತೂ ಕೊಳ್ಳುವುದಿಲ್ಲ.

ಅಡುಗೆಯಲ್ಲಿ ಆಸಕ್ತಿಯುಳ್ಳವರು, ಕಾರ್ಕಳ:

ಹಾಗಾದರೆ ಕುದಿಸಿದ ಮಜ್ಜಿಗೆಹುಳಿಗಿಂತ ಒಂದೆಲಗದ ತಂಬುಳಿ ಮೇಲು ಎಂದಾಯಿತು, ಏಕೆಂದರೆ ಅದಕ್ಕೆ ಮಜ್ಜಿಗೆಯನ್ನು ಕೊನೆಯಲ್ಲಿ ಸೇರಿಸುತ್ತೇವೆ, ಕುದಿಸುವುದಿಲ್ಲ. ಮಳೆಗಾಲಕ್ಕೆ ಭರಣಿಯಲ್ಲಿಡುವ ಉಪ್ಪುಸೊಳೆಯನ್ನು, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯನ್ನು, ಕೆಲವರು ಇದೇ ಪಟ್ಟಿಗೆ ಸೇರಿಸುತ್ತಾರೆ. ಅದರ ಉಪ್ಪನ್ನು ತೊಳೆದು ಬೇಯಿಸಿಯೇ ಪಲ್ಯ ಮಾಡುವುದರಿಂದ ಜೀವಂತ ಬ್ಯಾಕ್ಟೀರಿಯಾದ ಮಾತು ಅಲ್ಲಿ ಹೊಂದುವುದಿಲ್ಲ. ರುಚಿಯ ವಿಷಯ ಬೇರೆ!

ಒಬ್ಬ ವೈದ್ಯ, ಮಂಗಳೂರು:

ಆ್ಯಂಟಿಬಯಾಟಿಕ್ ಮುಗಿದು ಭೇದಿಯಿಲ್ಲದಿದ್ದರೆ ಕ್ಯಾಪ್ಸೂಲ್ ಮುಂದುವರಿಸುವುದಕ್ಕೆ ಸಾಮಾನ್ಯವಾಗಿ ಕಾರಣವಿರುವುದಿಲ್ಲ. ಬರೆದುಕೊಟ್ಟವರನ್ನು ಒಂದು ಮಾತು ಕೇಳಿ ನಿಲ್ಲಿಸಬಹುದು. 2018ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಒಂದು ಸಣ್ಣ ಗುಂಪಿನ ಆರೋಗ್ಯವಂತರಲ್ಲಿ ಪರೀಕ್ಷಿಸಿದಾಗ, ಆ್ಯಂಟಿಬಯಾಟಿಕ್ ನಂತರ ಹನ್ನೊಂದು ತಳಿಗಳ ಪ್ರೋಬಯಾಟಿಕ್ ಸೇವಿಸಿದವರ ಕರುಳಿಗೆ ಅವರದೇ ಬ್ಯಾಕ್ಟೀರಿಯಾಗಳು ಮರಳುವುದು, ಏನನ್ನೂ ಸೇವಿಸದವರಿಗಿಂತ ತಡವಾಯಿತು.

ಎಲ್ಲರಿಗೂ ಇದು ನಿರಪಾಯಕಾರಿ ಎಂದು ಭಾವಿಸುವುದೂ ಸರಿಯಲ್ಲ. ತೀವ್ರ ಮೇದೋಜೀರಕ ಗ್ರಂಥಿಯ ಉರಿಯೂತದ ರೋಗಿಗಳ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರೋಬಯಾಟಿಕ್ ಪಡೆದವರಲ್ಲಿ ಶೇಕಡಾ 16 ಮಂದಿ ಸತ್ತರು, ಪಡೆಯದವರಲ್ಲಿ ಶೇಕಡಾ 6. ಕೀಮೋಥೆರಪಿಯಲ್ಲಿರುವವರು, ರೋಗನಿರೋಧಕ ಶಕ್ತಿ ಬಹಳ ಕುಂದಿದವರು ತಾವಾಗಿಯೇ ಕೊಂಡು ನುಂಗಬಾರದು.

ತಾಯಿಯವರ ಊಟದಲ್ಲಿ ಕುಚ್ಚಲಕ್ಕಿ ಗಂಜಿ, ಹುರುಳಿ, ಬಸಳೆ, ಬಾಳೆದಿಂಡು ಇರಲಿ. ನಾವು ಜೀರ್ಣಿಸಲಾರದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ತಯಾರಿಸುತ್ತವೆ ಮತ್ತು ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. ಮೊಸರನ್ನು ಬಿಡಬೇಕಾಗಿಲ್ಲ. ಆದರೆ ಆ್ಯಂಟಿಬಯಾಟಿಕ್ ನಿಲ್ಲಿಸಿ ಕೆಲವು ವಾರಗಳಾದ ಮೇಲೂ ನೀರಿನಂತಹ ಭೇದಿ ಪದೇ ಪದೇ ಆದರೆ, ಅದರಲ್ಲೂ ಜ್ವರ ಅಥವಾ ರಕ್ತ ಕಂಡರೆ, ಮಜ್ಜಿಗೆ ಕುಡಿಸುತ್ತಾ ಕಾಯಬೇಡಿ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಸೋಂಕು ಇದೆಯೇ ಎಂದು ಮಲ ಪರೀಕ್ಷೆ ಮಾಡಿಸಬೇಕಾಗುತ್ತದೆ. ಈ ವಯಸ್ಸಿನಲ್ಲಿ ಅದರ ಅಪಾಯ ಹೆಚ್ಚು.