ಚೆಸ್ಸಿನಲ್ಲಿ ರಾಜನ ಕಡೆ ದಾಳಿ ಮಾಡಿದಾಗೆಲ್ಲ ಸೋಲುತ್ತೇನೆ, ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ನಮಸ್ಕಾರ ಮೇಡಂ. ಎದುರಾಳಿ ಕ್ಯಾಸಲಿಂಗ್ (ಒಂದೇ ನಡೆಯಲ್ಲಿ ರಾಜನನ್ನು ಬದಿಗೆ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತರುವುದು) ಮಾಡಿದ ಕೂಡಲೇ ದಾಳಿಗೆ ಇಳಿಯುತ್ತೇನೆ, ಅದು ಅರ್ಧದಲ್ಲೇ ಆರಿಹೋಗುತ್ತದೆ. ಮೊನ್ನೆಯ ಆಟ ಹೇಳುತ್ತೇನೆ. ಇಟಾಲಿಯನ್ ಎಂಬ ಓಪನಿಂಗ್ (ಆರಂಭದ ನಡೆಗಳ ಕ್ರಮ), ನನ್ನದು ಬಿಳಿ, ಇಬ್ಬರೂ ರಾಜನ ಕಡೆಗೇ ಕ್ಯಾಸಲಿಂಗ್ ಮಾಡಿದ್ದೆವು. ಕಪ್ಪು ಮನೆಯ ಒಂಟೆಗಳು (ಬಿಷಪ್) ಬೋರ್ಡಿನಿಂದ ಹೋಗಿದ್ದವು. ನಾನು ಎಚ್3, ಜಿ4 (ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು) ಕಾಲಾಳುಗಳನ್ನು ನೂಕಿ ಕುದುರೆಯನ್ನು ಎಚ್4ಕ್ಕೆ ತಂದೆ. ಅವನು ಡಿ6ರ ಕಾಲಾಳನ್ನು ಡಿ5ಕ್ಕೆ ನೂಕಿದ. ನಾನು ಇ4ರಿಂದ ಹೊಡೆದೆ, ಅವನು ಎಫ್6ರ ಕುದುರೆಯಿಂದ ಹೊಡೆದ. ಹಿಂದಿನಿಂದ ಅವನ ರಾಣಿಗೆ ದಾರಿ ತೆರೆದು ನನ್ನ ಎಚ್4 ಕುದುರೆಗೇ ಪೆಟ್ಟು! ಅದನ್ನು ಹಿಂದಕ್ಕೆ ತಂದೆ. ಅಷ್ಟರಲ್ಲಿ ಅವನ ಕುದುರೆ ಎಫ್4ರಲ್ಲಿ ಕೂತು ಎಚ್3 ಕಾಲಾಳನ್ನು ತಿಂದಿತು. ಮುಂದೆ ಉಸಿರಾಡಲೂ ಆಗಲಿಲ್ಲ.

ಉತ್ತರ: ನಮಸ್ಕಾರ. ಇಷ್ಟು ವಿವರವಾಗಿ ಬರೆದದ್ದು ಒಳ್ಳೆಯದಾಯಿತು, ತಪ್ಪು ನಡೆಯ ಹೆಸರು ಹಿಡಿದೇ ಹೇಳಬಹುದು: ಜಿ4. ನಡುಬೋರ್ಡು ಇನ್ನೂ ಸಡಿಲವಾಗಿದ್ದಾಗ, ಡಿ5 ಅವನ ಕೈಯಲ್ಲೇ ಇದ್ದಾಗ, ನಿಮ್ಮ ರಾಜನ ಮುಂದಿನ ಬೇಲಿಯನ್ನು ನೀವೇ ಕಿತ್ತಿರಿ. ಬದಿಯ ದಾಳಿಗೆ ನಡುವಿನಲ್ಲೇ ಉತ್ತರ ಕೊಡುವುದು ಚೆಸ್ಸಿನ ಹಳೆಯ ಪಾಠ, ಅವನು ಅದನ್ನೇ ಮಾಡಿದ.

ಜಿ4 ಯಾವತ್ತೂ ಕೂಡದು ಅಂತಲ್ಲ. ಕಿಂಗ್ಸ್ ಇಂಡಿಯನ್ ಎಂಬ ಓಪನಿಂಗ್‌ನಲ್ಲಿ ಕಪ್ಪು ತನ್ನ ರಾಜನ ಮುಂದಿನ ಎಫ್, ಜಿ ಕಾಲಾಳುಗಳನ್ನೇ ಧೈರ್ಯವಾಗಿ ಓಡಿಸುತ್ತದೆ. ಅಲ್ಲಿ ಬಿಳಿ ಇ4–ಡಿ5, ಕಪ್ಪು ಇ5–ಡಿ6 ಎದುರುಬದುರು ನಿಂತು ನಡುವೆ ಬೀಗ ಬಿದ್ದಿರುತ್ತದೆ. ನಿಮ್ಮ ಆಟದಲ್ಲಿ ಬೀಗ ಇರಲಿಲ್ಲ.

ಎರಡನೆಯದು ಲೆಕ್ಕ. ಅವನ ರಾಜನ ಸುತ್ತ ನಿಮ್ಮ ಎಷ್ಟು ಕಾಯಿ ಕೆಲಸ ಮಾಡುತ್ತಿವೆ, ಅವನವು ಎಷ್ಟು ಕಾಯುತ್ತಿವೆ, ಎಣಿಸಿ. ಎ1ರಲ್ಲಿ ನಿದ್ದೆ ಮಾಡುವ ಆನೆ ಲೆಕ್ಕಕ್ಕಿಲ್ಲ. ಜಿ4 ನೂಕಿದ ಹೊತ್ತಿಗೆ ನಿಮ್ಮದು ಒಂದು ಕುದುರೆ, ಬಿ3ಯಲ್ಲೋ ಸಿ4ರಲ್ಲೋ ಇದ್ದ ಒಂದು ಒಂಟೆ. ಇಷ್ಟರಲ್ಲಿ ಯಾವ ರಾಜನೂ ಬೀಳುವುದಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಎಚ್7ರಲ್ಲಿ ಒಂಟೆ ಬಲಿ ಕೊಡುವುದು ಯಾವಾಗ ಸರಿ ಮೇಡಂ? ನಾನು ಕೊಟ್ಟಾಗೆಲ್ಲ ಒಂಟೆಯೂ ಹೋಗುತ್ತದೆ, ಆಟವೂ ಹೋಗುತ್ತದೆ.

ಉತ್ತರ: ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲು ಎಫ್6ರ ಕುದುರೆಯನ್ನು ನೋಡಿ. ಎಚ್7ಕ್ಕೂ ಎಚ್5ಕ್ಕೂ ಕಾವಲು ಅದೇ. ಅದು ಅಲ್ಲಿರುವ ತನಕ ಬಲಿಯ ಯೋಚನೆ ಬೇಡ. ಇ5ಕ್ಕೆ ಕಾಲಾಳು ನೂಕಿ ಓಡಿಸಿ, ಇಲ್ಲವೇ ಬದಲಾಯಿಸಿ ತೆಗೆಯಿರಿ. ಆಮೇಲೆ ಒಂಟೆ ಎಚ್7ಕ್ಕೆ ಚೆಕ್, ರಾಜ ಹೊಡೆಯುತ್ತಾನೆ, ಕುದುರೆ ಜಿ5ಕ್ಕೆ ಚೆಕ್. ರಾಜ ಜಿ8ಕ್ಕೆ ಹಿಂದಿರುಗಿದರೆ ರಾಣಿ ಎಚ್5ಕ್ಕೆ, ಎಚ್7ರಲ್ಲಿ ಮೇಟ್ ಬೆದರಿಕೆ. ಆಗ ಅವನ ಒಂಟೆಯೋ ರಾಣಿಯೋ ಬಿ1–ಎಚ್7 ಓರೆ ಸಾಲಿಗೆ ಬಂದು ಎಚ್7 ಕಾಯುವಂತಿದ್ದರೆ, ಅಥವಾ ಕುದುರೆ ಎಫ್6ಕ್ಕೋ ಎಫ್8ಕ್ಕೋ ಬರುವಂತಿದ್ದರೆ ನಿಮ್ಮ ಬಲಿ ವ್ಯರ್ಥ.

ಹೆಚ್ಚಿನವರು ಎಡವುವುದು ರಾಜ ಜಿ6ಕ್ಕೆ ಹತ್ತಿ ಬಂದಾಗ. ರಾಣಿ ಜಿ4ಕ್ಕೆ, ಅಥವಾ ಎಚ್4 ನೂಕುವುದು. ಎರಡರಲ್ಲಿ ಯಾವುದೆಂದು ಒಂಟೆ ಕೊಡುವ ಮೊದಲೇ ತೀರ್ಮಾನಿಸಿರಬೇಕು. ರಾಜ ಎಚ್6ಕ್ಕೆ ಬಂದರೆ ಸಿ1ರ ಒಂಟೆ ಇದ್ದರೆ ಸುಲಭ: ಜಿ5ರ ಕುದುರೆ ಎಲ್ಲಿಗೆ ಜಿಗಿದರೂ ಹಿಂದಿನಿಂದ ಚೆಕ್.

1889ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮುಂದೆ ವಿಶ್ವ ಚಾಂಪಿಯನ್ ಆದ ಲಾಸ್ಕರ್, ಬೌವರ್ ವಿರುದ್ಧ ಆಡಿದ ಆಟವನ್ನು ಬೋರ್ಡಿನ ಮೇಲೆ ಇಟ್ಟು ನೋಡಿ. ಎರಡೂ ಒಂಟೆಗಳನ್ನು ಬಲಿ ಕೊಟ್ಟರು ಅಂತ ಎಲ್ಲರೂ ಹೊಗಳುತ್ತಾರೆ. ನಾನು ತೋರಿಸುವುದು ಅದಕ್ಕಿಂತ ಮುಂಚಿನ 14ನೇ ನಡೆಯನ್ನು. ಲಾಸ್ಕರ್ ಕುದುರೆಯನ್ನು ಎಚ್5ಕ್ಕೆ ಇಟ್ಟು ಎಫ್6ರ ಕಾವಲುಗಾರನನ್ನು ಅಲ್ಲಿಂದ ಎಳೆದರು. ಆಮೇಲೆ ಒಂದು ಒಂಟೆ ಎಚ್7ರಲ್ಲಿ, ಇನ್ನೊಂದು ಜಿ7ರಲ್ಲಿ. ಆನೆ ಎಫ್1ರಿಂದ ಎಫ್3, ಅಲ್ಲಿಂದ ಎಚ್3. ಮೇಟ್ ತಪ್ಪಿಸಿಕೊಳ್ಳಲು ಬೌವರ್ ಆನೆಗೆ ರಾಣಿಯನ್ನೇ ಕೊಟ್ಟರು. 22ನೇ ನಡೆಯಲ್ಲಿ ಲಾಸ್ಕರ್ ರಾಣಿ ಡಿ7ಕ್ಕೆ ಬಂದು ಎರಡು ಒಂಟೆಗಳಿಗೆ ಒಟ್ಟಿಗೆ ಗುರಿಯಿಟ್ಟಿತು. ದಾಳಿ ಮೇಟ್‌ನಲ್ಲೇ ಮುಗಿಯಬೇಕೆಂದಿಲ್ಲ, ಒಂದು ಕಾಯಿ ಗೆದ್ದರೂ ಅದು ಯಶಸ್ವಿ ದಾಳಿಯೇ.

ಮತ್ತೊಬ್ಬರ ಪ್ರಶ್ನೆ: ಇಬ್ಬರೂ ಬೇರೆ ಬೇರೆ ಕಡೆ ಕ್ಯಾಸಲಿಂಗ್ ಮಾಡಿದ್ದರೆ?

ಉತ್ತರ: ಆಗ ಕಾಲಾಳು ಓಡಿಸಿ, ನಿಮ್ಮ ರಾಜ ಅಲ್ಲಿಲ್ಲವಲ್ಲ. ಅವನ ಕಾಲಾಳು ಜಿ6ಕ್ಕೆ ಬಂದಿದ್ದರೆ ಎಚ್4, ಎಚ್5 ಕೊಕ್ಕೆ ಹಾಕಿದಂತೆ. ಹೊಡೆದಾಗ ಎಚ್ ಸಾಲು ನಿಮ್ಮ ಆನೆಗೆ ತೆರೆಯುತ್ತದೆ. ಅಲ್ಲಿ ಓಟದ ಪಂದ್ಯ, ಒಂದು ನಡೆ ತಡವಾದರೂ ಅವನೇ ಮುಂದೆ.

ಮೊದಲು ಕೇಳಿದವರು: ಹಾಗಾದರೆ ನನ್ನ ಆಟದಲ್ಲಿ ಜಿ4 ಬದಲು ಏನು ಆಡಬೇಕಿತ್ತು ಮೇಡಂ?

ಉತ್ತರ: ಆನೆಯನ್ನು ಇ1ಕ್ಕೆ ತನ್ನಿ. ಆಮೇಲೆ ಬಿ1ರ ಕುದುರೆ ಡಿ2, ಎಫ್1, ಜಿ3 ದಾರಿಯಾಗಿ ಎಫ್5ಕ್ಕೆ. ನಾಲ್ಕು ನಡೆ ಬೇಕು, ನಿಧಾನ ಅನ್ನಿಸುತ್ತದೆ. ಆದರೆ ಈ ದಾರಿಯಲ್ಲಿ ನಿಮ್ಮ ರಾಜನ ಬೇಲಿ ಅಲುಗುವುದಿಲ್ಲ. ನಡುವೆ ಅವನು ಡಿ5 ನೂಕಿ ಇ ಸಾಲು ತೆರೆದರೆ, ಇ5ರ ಅವನ ಕಾಲಾಳಿನ ಮೇಲೆ ನಿಮ್ಮ ಆನೆ, ಎಫ್3ರ ಕುದುರೆ ಎರಡೂ ಕಣ್ಣಿಟ್ಟು ಕಾದಿರುತ್ತವೆ. ಇದನ್ನೇ ಹತ್ತು ಆಟ ಆಡಿ, ಸೋತವನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.