ಅಜ್ಜನ ಔಷಧಿ ನೋಟ್‌ಬುಕ್ ಓದೋದು ಹೇಗೆ?

ಪ್ರಶ್ನೆ (ಕೊಪ್ಪಳ): ನಮ್ಮಜ್ಜ ನಾಟಿ ವೈದ್ಯರು. ಅವರ ನೋಟ್‌ಬುಕ್ ಸಿಕ್ಕಿದೆ. ಒಂದೇ ಪುಟದಲ್ಲಿ ಅಳಲೆಕಾಯಿ, ಗುಲ್ಕಂದ್, ಚಳಿಜ್ವರದ ಕ್ವಿನೈನ್ ಮೂರೂ ಇವೆ. ಅಂಚಿಗೆ ಎಣ್ಣೆ ಬೆರಳಿನ ಗುರುತು. ಇದು ಆಯುರ್ವೇದವಾ, ಹಕೀಮರ ಯುನಾನಿ ವೈದ್ಯವಾ?

ಉತ್ತರ (ರಾಯಚೂರು): ಒಂದೇ ಹೆಸರು ಹಚ್ಚಬೇಡಿ ಅಣ್ಣಾ. ಆ ಬೆರಕೆಯೇ ಇತಿಹಾಸ. ಗುಲ್ಕಂದ್ ಪಾರ್ಸಿ ಪದ: ಗುಲ್ ಅಂದ್ರೆ ಹೂವು, ಕಂದ್ ಅಂದ್ರೆ ಸಕ್ಕರೆ. ನಮ್ಮ ಕಡೆ 1948ರವರೆಗೂ ನಿಜಾಮರ ಆಳ್ವಿಕೆ, ಯುನಾನಿ ಹಕೀಮರೂ ಇದ್ದರು. ಕ್ವಿನೈನ್ ಅಂತೂ ದಕ್ಷಿಣ ಅಮೆರಿಕದ ಸಿಂಕೋನಾ ತೊಗಟೆಯಿಂದ ಬಂದದ್ದು. ಯಾವ ಪದ ಎಲ್ಲಿಂದ ಬಂತು ಅಂತ ಹುಡುಕಿ.

ಉತ್ತರ (ಬಳ್ಳಾರಿ): ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಮ್ಮ ಹಳೇ ಕಡತ ಹುಡುಕೋಕೆ ಚೆನ್ನೈಗೆ ಹೋಗಬೇಕು, ನಿಮ್ಮದಕ್ಕೆ ಹೈದರಾಬಾದ್‌ಗೆ. ಆದ್ರೆ ಸರ್ಕಾರಿ ಕಡತದಲ್ಲಿ ರೋಗಿಯ ಮಾತು ಸಿಗೋದು ಕಡಿಮೆ. ನಿಮ್ಮಜ್ಜನ ನೋಟ್‌ಬುಕ್‌ನಲ್ಲಿ ಇರಬಹುದು, ನೋಡಿ.

ಕೊಪ್ಪಳ: ಇದೆ! "ಚಳಿಜ್ವರ. ದುಡ್ಡು ಬೇಡ ಅಂದೆ, ಜೋಳ ಕೊಟ್ಟು ಹೋದಳು."